ಸೊನ್ನೆಗೆ ಇಟ್ಟ ರಕ್ತ

ಕಾಯಿಲೆ ಬಂದದ್ದು ನನಗೆ, ಮುಖ ತಪ್ಪಿಸಿಕೊಂಡು ಓಡಾಡಿದ್ದು ನನ್ನ ತಂಗಿ. ಇನ್ನು ಹೆಚ್ಚು ದಿನ ಇಲ್ಲ ಎಂಬುದನ್ನು ಡಾಕ್ಟರು ಸುತ್ತಿ ಬಳಸಿ ಹೇಳಿ ಮುಗಿಸಿದ ಮೇಲೆ ನನಗೆ ಬೇಕಾಗಿದ್ದದ್ದು ಒಂದೇ: ಅವಳು ಬಂದು ನನ್ನ ಪಕ್ಕದಲ್ಲಿ ಕೂತುಕೊಳ್ಳಬೇಕು. ಧೈರ್ಯ ಹೇಳುವುದು ಬೇಡ, ಕಾಲೊತ್ತುವುದು ಬೇಡ. ಸುಮ್ಮನೆ ಕೂತು, ನಾನು ಬೈದರೆ ಬೈಸಿಕೊಂಡರೆ ಸಾಕಿತ್ತು. ಅವಳು ಅಷ್ಟನ್ನೂ ಮಾಡಲಿಲ್ಲ.

ನಾನು ಕಾರು ಕಲಿಸುವವಳು. ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ನನ್ನಷ್ಟು ಬಾಯಿ ಜೋರಿನವರು ಇನ್ನೊಬ್ಬರಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕನ್ನಡಿ ನೋಡದೆ ತಿರುಗಿಸಿದವರು ಬ್ಯಾಂಕಿನ ಮ್ಯಾನೇಜರೇ ಆಗಿರಲಿ, ನಿವೃತ್ತ ಜಡ್ಜೇ ಆಗಿರಲಿ, ನನ್ನ ಕೈಲಿ ಮಂಗಳಾರತಿ ಮಾಡಿಸಿಕೊಂಡೇ ಕೆಳಗಿಳಿಯುತ್ತಾರೆ. ಹಿಂದಿನ ಬೀದಿಯಲ್ಲಿ ನಮ್ಮವರದ್ದೊಂದು ಗ್ಯಾರೇಜು. ನಾನು ಕಲಿಸುವವರು ಸುಟ್ಟ ಕ್ಲಚ್ಚುಗಳಿಂದಲೇ ಅವರ ಹೊಟ್ಟೆ ತುಂಬುತ್ತದೆ ಎಂದು ರೇಗಿಸುತ್ತಿರುತ್ತೇನೆ.

ತಂಗಿ ನನಗಿಂತ ಬಹಳ ಚಿಕ್ಕವಳು. ಅಮ್ಮ ತೀರಿಕೊಂಡಾಗ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಳು. ಜಡೆ ಹಾಕಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟದ್ದು, ಪರೀಕ್ಷೆಯ ಬೆಳಗ್ಗೆ ಎಬ್ಬಿಸಿದ್ದು ಎಲ್ಲ ನಾನೇ. ಏನೇ ಆದರೂ ಬಾಯಿ ಬಿಡದೆ ಒಳಗೇ ಇಟ್ಟುಕೊಳ್ಳುವ ಗುಮ್ಮನಗುಸುಕ ಅವಳು. ಹಾಗಾಗಿ ಮನೆಯಲ್ಲಿ ಅವಳಿಗೆ ಗುಮ್ಮಿ ಎಂದೇ ಹೆಸರು. ಮುಂದೆ ದೊಡ್ಡ ವಿಜ್ಞಾನಿಯಾಗಿ, ಸಭೆಗಳಲ್ಲಿ ಕೋಟು ಹಾಕಿಕೊಂಡು ಮಾತಾಡುವಂತಾದಾಗಲೂ ನಾನು ಹಿಂದಿನ ಸಾಲಿನಲ್ಲಿ ಕೂತು, ನೋಡು ನಮ್ಮ ಗುಮ್ಮಿಗೆ ಬಾಯಿ ಬಂತು, ಎಂದು ನಮ್ಮವರ ಕಿವಿಯಲ್ಲಿ ಹೇಳಿದ್ದೆ.

ಅವಳ ಕೆಲಸ ಚಿನ್ನದ ಕಣಗಳ ಮೇಲೆ. ನೆರೆಮನೆಯವರಿಗೆ ಹಾಗೆಂದು ಹೇಳಿ ಪೇಚಿಗೆ ಸಿಕ್ಕಿದ್ದೆ. ಸರದ ಕೊಂಡಿ ಸಡಿಲವಾಗಿದೆ, ನಿಮ್ಮ ತಂಗಿ ಸರಿಮಾಡಿ ಕೊಡ್ತಾರಾ ಎಂದು ಅವರು ಕೇಳಿದ್ದರು. ಇವು ಕೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲಿನಷ್ಟಿರುವ ಕಣಗಳು. ಅಷ್ಟು ಚಿಕ್ಕದಾದ ಮೇಲೆ ಚಿನ್ನ ಹಳದಿಯಾಗಿಯೇ ಇರುವುದಿಲ್ಲವಂತೆ; ನೀರಿನಲ್ಲಿ ದಾಳಿಂಬೆ ರಸದ ಹಾಗೆ ಕೆಂಪಗೆ ಕಾಣುತ್ತದೆ. ಆ ಕಣಗಳಿಗೆ ಕೊಕ್ಕೆಯಂಥದ್ದನ್ನು ಅಂಟಿಸಿ, ಅದರ ಮೇಲೆ ಒಂದು ಹನಿ ರಕ್ತದ ತಿಳಿ ಹಾಕುತ್ತಾಳೆ. ಹೊಟ್ಟೆಯೊಳಗೆ ಮೇದೋಜ್ಜೀರಕ ಗ್ರಂಥಿಯಲ್ಲಿ ಕ್ಯಾನ್ಸರು ಇನ್ನೂ ಯಾವ ಸ್ಕ್ಯಾನಿಗೂ ಸಿಗದಷ್ಟು ಸಣ್ಣದಿರುವಾಗಲೇ ರಕ್ತಕ್ಕೆ ಒಂದು ಪ್ರೋಟೀನು ಇಳಿಯುತ್ತದೆ. ಅದಿದ್ದರೆ ಕೊಕ್ಕೆಗಳು ಹಿಡಿದುಕೊಳ್ಳುತ್ತವೆ, ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ, ಕೆಂಪು ನೀರು ನೀಲಿಯಾಗುತ್ತದೆ. ಇಲ್ಲದಿದ್ದರೆ ಕೆಂಪಾಗಿಯೇ ಉಳಿಯುತ್ತದೆ. ಇಷ್ಟನ್ನು ಅರ್ಥಮಾಡಿಸಲು ಗುಮ್ಮಿಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ಯಾವ ಅಳತೆಗೂ ಒಂದು ಸೊನ್ನೆ ಬೇಕು. ಕಾಯಿಲೆ ಇಲ್ಲದವರ ರಕ್ತವನ್ನು ಮೊದಲು ಹಾಕಿ, ಅದು ತೋರಿಸುವ ಬಣ್ಣವನ್ನು ಯಂತ್ರಕ್ಕೆ ಇದೇ ಸೊನ್ನೆ ಎಂದು ಹೇಳಿಕೊಡಬೇಕು. ಆಮೇಲೆ ಬರುವವರನ್ನೆಲ್ಲ ಅಲ್ಲಿಂದ ಅಳೆಯುವುದು. ಆಸ್ಪತ್ರೆಯಿಂದ ಆರೋಗ್ಯವಂತರ ರಕ್ತ ತರಿಸಲು ಅನುಮತಿಗೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಲಾಗದೆ ಲ್ಯಾಬಿನವರು ಮೊದಮೊದಲ ಪ್ರಯೋಗಗಳಿಗೆ ತಮ್ಮದೋ ಮನೆಯವರದ್ದೋ ರಕ್ತ ಬಳಸುತ್ತಾರೆ. ಗುಮ್ಮಿಗೆ ಆಗ ಥೈರಾಯ್ಡಿನ ಮಾತ್ರೆ ನಡೆಯುತ್ತಿತ್ತು. ನಮ್ಮವರಿಗೆ ಸಕ್ಕರೆ ಕಾಯಿಲೆ. ಉಳಿದವಳು ನಾನು. ನೆಗಡಿ ಕೂಡ ನನ್ನ ಬಾಯಿಗೆ ಹೆದರಿ ಹತ್ತಿರ ಬರುತ್ತಿರಲಿಲ್ಲ.

"ಗುಂಡುಕಲ್ಲಿನ ಹಾಗಿದ್ದೀಯ ಅಕ್ಕ. ಸ್ವಲ್ಪ ರಕ್ತ ಕೊಡು."

"ಇಷ್ಟು ವರ್ಷ ಹೀರಿದ್ದು ಸಾಲ್ದಾ?"

"ನಿನ್ನನ್ನೇ ಸೊನ್ನೆಗೆ ಇಡ್ತೀನಿ. ಇಡೀ ಕೆಲಸ ನಿನ್ನ ಮೇಲೆ ನಿಲ್ಲತ್ತೆ."

"ಬೆಳೆಸಿದ್ದಕ್ಕೆ ಚೆನ್ನಾಗಿ ಮಾರ್ಕ್ಸ್ ಕೊಟ್ಟೆ ಬಿಡು," ಎಂದೆ. ಒಳಗೊಳಗೇ ಹಿಗ್ಗಿದ್ದೆ. ರಕ್ತ ತೆಗೆದ ಜಾಗಕ್ಕೆ ಹಚ್ಚಿದ ಪ್ಲಾಸ್ಟರನ್ನು ಮಾರನೆಯ ದಿನವೂ ಕೀಳದೆ, ಕಾರು ಕಲಿಯಲು ಬಂದವರಿಗೆಲ್ಲ ತೋರಿಸಿ ತಲೆ ತಿಂದಿದ್ದೆ.

ಅಲ್ಲಿಂದಲೇ ಅವಳ ಕೆಲಸ ಕುಂಟತೊಡಗಿತು. ಆ ಮೊದಮೊದಲ ಕಣಗಳ ಬಣ್ಣ ಕಣ್ಣಿಗೆ ಕಾಣುವಷ್ಟು ಬದಲಾಗುತ್ತಿರಲಿಲ್ಲ, ಯಂತ್ರದ ಅಂಕಿಯನ್ನೇ ನಂಬಬೇಕಿತ್ತು. ಆಸ್ಪತ್ರೆಯವರು ಮೊದಲೇ ಕೊಟ್ಟಿದ್ದ ಕಾಯಿಲೆಯವರ ರಕ್ತ ಹಾಕಿದರೆ ಅಂಕಿ ನನ್ನದಕ್ಕಿಂತ ಸ್ವಲ್ಪವೇ ಮೇಲೆ ಬರುತ್ತಿತ್ತು. ಲ್ಯಾಬಿನ ಬೇರೆಯವರ ರಕ್ತ ಹಾಕಿದರೆ ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು. ಏನೂ ಇಲ್ಲ ಎನ್ನುವುದಕ್ಕಿಂತ ಕಡಿಮೆ ಇರುವುದಾದರೂ ಹೇಗೆ? ಗುಮ್ಮಿ ಕಣಗಳನ್ನು ದೂರಿದಳು. ಪೂರ್ತಿ ಚೆಲ್ಲಿ ಹೊಸದಾಗಿ ಮಾಡಿದಳು. ನೀರು ಬದಲಿಸಿದಳು, ಕೊಕ್ಕೆ ಬದಲಿಸಿದಳು, ಯಂತ್ರದ ಕಂಪನಿಯವರನ್ನು ಕರೆಸಿ ಜಗಳವಾಡಿದಳು. ಸಹೋದ್ಯೋಗಿಗಳು ರಕ್ತವನ್ನು ಸರಿಯಾಗಿ ತೆಗೆದಿಟ್ಟಿಲ್ಲವೆಂದು ಅವರ ಟ್ಯೂಬುಗಳನ್ನೂ ಎಸೆದಳು. ಸೊರಗಿ ಕಡ್ಡಿಯಾದಳು. ನಾನು ಊಟದ ಡಬ್ಬಿ ಹೊತ್ತುಕೊಂಡು ಹೋಗಿ, ಅವಳು ತಿಂದು ಮುಗಿಸುವವರೆಗೆ ಬಾಗಿಲಲ್ಲಿ ನಿಂತು ಬೈದು ಬರುತ್ತಿದ್ದೆ. ಕೊನೆಗೆ ಆ ಪರೀಕ್ಷೆ ಆಗದ ಕೆಲಸವೆಂದು ಅದನ್ನು ಪಕ್ಕಕ್ಕಿಟ್ಟು, ಔಷಧಿಯನ್ನು ಕಣಗಳೊಳಗೆ ತುಂಬಿ ಗಡ್ಡೆಯವರೆಗೆ ಕಳಿಸುವ ಇನ್ನೊಂದು ಕೆಲಸಕ್ಕೆ ಸೇರಿದಳು.

ರಕ್ತ ಕೊಟ್ಟು ಎರಡು ವರ್ಷವಾಗುತ್ತಿದ್ದಂತೆ ನನಗೆ ಬೆನ್ನುನೋವು ಶುರುವಾದಾಗ ಕಾರಿನ ಸೀಟನ್ನು ಬೈದೆ. ನಮ್ಮವರು ಸೀಟಿನ ಸ್ಪ್ರಿಂಗು ಬದಲಿಸಿಕೊಟ್ಟರು. ಬಟ್ಟೆ ದೊಗಳೆಯಾದಾಗ ತೆಳ್ಳಗಾದೆನೆಂದು ಖುಷಿಪಟ್ಟೆ, ಏನು ಹೇಳಲಿ ನನ್ನ ಬುದ್ಧಿಗೆ. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಹೋದೆವು. ಮೇದೋಜ್ಜೀರಕದಲ್ಲಿ ಗಡ್ಡೆ, ಲಿವರಿಗೂ ಹರಡಿದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ ಎಂದರು. "ಎರಡು ವರ್ಷ ಮೊದಲೇ ಗೊತ್ತಾಗಿದ್ದಿದ್ರೆ," ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಡಾಕ್ಟರುಗಳು ಎಲ್ಲರಿಗೂ ಹೀಗೇ ಹೇಳುತ್ತಾರೆಂದು ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗುಮ್ಮಿ ಮಾತ್ರ ಗರ ಬಡಿದವಳ ಹಾಗೆ ಎದ್ದು ಹೊರಗೆ ಹೋದಳು.

ಮೊದಲ ಸಲ ಔಷಧಿ ಏರಿಸುವ ದಿನ ಬಂದಿದ್ದಳು. ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಕಂಬಕ್ಕೆ ನೇತುಹಾಕಿದ ಚೀಲ, ಯಾರದೋ ಯಂತ್ರ ಕುಂಯ್‌ಗುಟ್ಟುತ್ತಲೇ ಇತ್ತು. ನನಗೆ ಏರಿಸುತ್ತಿದ್ದದ್ದು ಅವಳ ವಿದ್ಯೆಗೆ ಹತ್ತಿರದ್ದೇ. ಔಷಧಿಯನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿರುತ್ತಾರೆ, ದಾರಿಯಲ್ಲಿ ಸೋರಿಹೋಗದೆ ಗಡ್ಡೆಯ ಹತ್ತಿರ ಹೋಗಿ ಬಿಚ್ಚಿಕೊಳ್ಳಲಿ ಎಂದು. ಅವಳು ಇದನ್ನೆಲ್ಲ ಚೀಲದ ಕಡೆಗೆ ನೋಡಿಕೊಂಡೇ ಹೇಳಿದಳು.

"ಗುಣ ಆಗತ್ತೇನೇ?" ಎಂದು ಕೇಳಿದೆ.

"ಸ್ವಲ್ಪ ದಿನ ಮುಂದಕ್ಕೆ ಹೋಗತ್ತೆ."

ಇಷ್ಟು ಹೇಳಿ ಹೋದವಳು ಮತ್ತೆ ಬರಲಿಲ್ಲ. ಭಾವನಿಗೆ ಮಾತ್ರ ಮೆಸೇಜು ಕಳಿಸುತ್ತಿದ್ದಳು: ಈ ಮಾತ್ರೆ ಊಟಕ್ಕೆ ಮುಂಚೆ, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ. ನಾನು ಫೋನ್ ಮಾಡಿದರೆ ಮೀಟಿಂಗು. ನನಗೆ ಎಂಥ ಸಂಕಟವಾಗುತ್ತಿತ್ತೆಂದರೆ, ಕೀಮೋದ ವಾಂತಿಯೇ ವಾಸಿ ಎನ್ನಿಸುತ್ತಿತ್ತು. ಕೈತುತ್ತು ಹಾಕಿ ಬೆಳೆಸಿದವಳು ಸಾಯುವಾಗ ಇವಳಿಗೆ ಮೀಟಿಂಗು.

ನಾನೂ ಬಿಡುವವಳಲ್ಲ. ಆಸ್ಪತ್ರೆಗೆ ಕರೆದೊಯ್ಯಲು ನಿಮ್ಮ ಭಾವ ಎಷ್ಟು ದಿನ ಗ್ಯಾರೇಜಿಗೆ ಬೀಗ ಹಾಕುತ್ತಾರೆ, ನೀನು ಕಾರು ಕಲಿ, ನಾನೇ ಕಲಿಸುತ್ತೇನೆ ಎಂದು ಹಟ ಹಿಡಿದೆ. ಕಾರಿನ ಹೆಸರೆತ್ತಿದರೆ ಚಿಕ್ಕಂದಿನಿಂದಲೂ ಹೆದರುತ್ತಿದ್ದವಳು, ಇಲ್ಲವೆನ್ನಲು ದಾರಿ ಸಿಗದೆ ಬಂದಳು. ಸ್ಟೀರಿಂಗ್ ಹಿಡಿದವಳು ಮೀಟಿಂಗಿಗೆ ಎದ್ದು ಹೋಗಲಾರಳಲ್ಲ, ನನಗೆ ಬೇಕಾದದ್ದೂ ಅದೇ.

ಹಳೆಯ ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಕರೆದುಕೊಂಡು ಹೋದೆ. ಗೇರು ಬದಲಿಸುವಾಗಲೆಲ್ಲ ಕಾರು ಮುಗ್ಗರಿಸುತ್ತಿತ್ತು. ತಿರುವಿನಲ್ಲಿ ಗೋಡೆಗೇ ನುಗ್ಗಿಸಹೊರಟಳು. ನಾನು ನನ್ನ ಕಡೆಯ ಬ್ರೇಕು ಒತ್ತಿ ನಿಲ್ಲಿಸಿದೆ.

"ಕಣ್ಣು ಎಲ್ಲಿಟ್ಟಿದ್ದೀಯೇ? ನನ್ನನ್ನ ಇವತ್ತೇ ಕಳಿಸೋ ಆತುರಾನಾ?"

ಅದು ನಾನು ಎಲ್ಲರಿಗೂ ಹೇಳುವ ಮಾತು. ಅವಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಬಿಕ್ಕತೊಡಗಿದಳು. ಹಾರ್ನು ಒತ್ತಿಕೊಂಡು ಒಂದೇ ಸಮ ಬಡಿದುಕೊಂಡಿತು. ಅವಳ ತಲೆಯನ್ನು ಪಕ್ಕಕ್ಕೆ ಸರಿಸಬೇಕಾಯಿತು.

"ಅಕ್ಕ, ಉಳಿದೋರೆಲ್ಲ ಸೊನ್ನೆಗಿಂತ ಕೆಳಗೆ ಬರ್ತಿದ್ರು ಅಂದಿದ್ನಲ್ಲ? ಅವರು ಸರಿಯಾಗೇ ಇದ್ರು. ನಮ್ಮ ಸೊನ್ನೇನೇ ಮೇಲಿತ್ತು."

"ಬಿಡಿಸಿ ಹೇಳು."

"ನಿನ್ನ ರಕ್ತದಲ್ಲಿ ಆಗ್ಲೇ ಅದು ಇತ್ತೇನೋ. ನಾನು ಅದನ್ನೇ ಆರೋಗ್ಯ ಅಂತ ಯಂತ್ರಕ್ಕೆ ಹೇಳ್ಕೊಟ್ಟೆ. ಎಲ್ಲರ ಮೇಲೂ ಅನುಮಾನ ಪಟ್ಟೆ, ನಿನ್ನ ಮೇಲೆ ಪಡಲಿಲ್ಲ. ನಿನಗೆ ಕಾಯಿಲೆ ಬರತ್ತೆ ಅನ್ನೋದು ನನ್ನ ತಲೆಗೇ ಹೊಳೀಲಿಲ್ಲ ಅಕ್ಕ."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನನ್ನ ಸಾವು ಇವಳ ಮೇಜಿನ ಮೇಲೆ ಕಣ್ಣೆದುರೇ ಕೂತಿತ್ತು, ಇವಳು ಅದನ್ನು ಪಕ್ಕಕ್ಕೆ ಸರಿಸಿ ನೀರು ಬದಲಿಸಿದ್ದಳು. ಕಪಾಳಕ್ಕೆ ಬಿಡೋಣವೆನ್ನಿಸಿತು. ಕೈ ಎತ್ತಿದವಳು ಅವಳ ಕೆನ್ನೆ ನೋಡಿದೆ, ಮೂಳೆ ಎದ್ದುಬಿಟ್ಟಿತ್ತು. ನನಗಿಂತ ಅವಳೇ ಹೆಚ್ಚು ಕಾಯಿಲೆಯವಳ ಹಾಗಿದ್ದಳು. ಎತ್ತಿದ ಕೈಯಲ್ಲಿ ಅವಳ ಮೂಗು ಒರೆಸಿದೆ.

ಆಮೇಲೆ ಉಳಿದದ್ದನ್ನೂ ಹೇಳಿದಳು. ಇತ್ತೋ ಇಲ್ಲವೋ ಎಂಬುದು ಇನ್ನೂ ಖಚಿತವಿಲ್ಲ. ಆಗಿನ ಕಣಗಳೇ ಸರಿಯಿಲ್ಲದೆ ಹಾಗೆ ಅಂಟಿಕೊಂಡಿರಬಹುದು. ನನ್ನ ಆ ಹಳೆಯ ರಕ್ತದ ಕೊನೆಯ ಟ್ಯೂಬೊಂದು ಫ್ರೀಜರಿನಲ್ಲಿದೆ. ಆಗ ಕೇಳಿದ್ದ ಅನುಮತಿ ಕೊನೆಗೂ ಸಿಕ್ಕಿ, ಈಗ ಆಸ್ಪತ್ರೆಯಿಂದ ಸಾಕಷ್ಟು ಆರೋಗ್ಯವಂತರ ರಕ್ತ ಬಂದು ಸರಿಯಾದ ಸೊನ್ನೆ ಸಿಕ್ಕಿದೆ; ಬಣ್ಣ ಕಣ್ಣಿಗೇ ಕಾಣುವಷ್ಟು ಕಣಗಳೂ ಸುಧಾರಿಸಿವೆ. ಆ ಟ್ಯೂಬನ್ನು ಇದರಿಂದ ಅಳೆದರೆ ಉತ್ತರ ಸಿಗುತ್ತದೆ. ನೀಲಿಯಾದರೆ ಅವಳ ಪರೀಕ್ಷೆ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಗಡ್ಡೆ ಚಿಗುರುವಾಗಲೇ ಹಿಡಿಯುತ್ತದೆ, ಎಷ್ಟೋ ಜನ ಬದುಕಿಕೊಳ್ಳುತ್ತಾರೆ. ಆದರೆ ನನ್ನನ್ನು ಉಳಿಸಬಹುದಾಗಿದ್ದ ಹೊತ್ತಿನಲ್ಲಿ ಅವಳು ಕೈಬಿಟ್ಟಳೆಂದೂ ಆಗುತ್ತದೆ. ಕೆಂಪಾಗಿ ಉಳಿದರೆ ಅವಳ ತಪ್ಪೇನೂ ಇಲ್ಲ, ಆದರೆ ಆ ಪರೀಕ್ಷೆ ಯಾರನ್ನೂ ಕಾಯಲಾರದು.

"ಕೆಂಪಾಗೇ ಇರಲಿ ಅಂತ ಬೇಡ್ಕೋತೀನಿ ಅಕ್ಕ. ಆಮೇಲೆ ಆ ಕೀಮೋ ವಾರ್ಡಿನ ಜನ ಎಲ್ಲ ಕಣ್ಮುಂದೆ ಬರ್ತಾರೆ. ಫ್ರೀಜರ್ ಹತ್ರ ಹೋಗ್ತೀನಿ, ವಾಪಸ್ ಬರ್ತೀನಿ. ನಿನ್ನ ಮುಖ ಹೇಗೆ ನೋಡ್ಲಿ?"

ಮನೆಗೆ ಬಂದು ನಮ್ಮವರಿಗೆ ಹೇಳಿದಾಗ ಅವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಆ ಟ್ಯೂಬನ್ನ ಎಸೆದುಬಿಡಮ್ಮ," ಎಂದರು ಗುಮ್ಮಿಗೆ. "ಗೊತ್ತಾಗಿ ಏನಾಗಬೇಕು? ಇವಳು ವಾಪಸ್ ಬರ್ತಾಳಾ?"

"ಇನ್ನೂ ಹೋಗಿಲ್ಲ ರೀ ನಾನು, ಇಲ್ಲೇ ಇದ್ದೀನಿ," ಎಂದೆ.

ನಾನೇನೂ ತ್ಯಾಗದ ಮೂರ್ತಿಯಲ್ಲ. ಮುಂದೆ ಬರುವ ರೋಗಿಗಳ ಬಗ್ಗೆ ಮರುಕವಿದೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಈ ಗುಮ್ಮನಗುಸುಕ ಆ ಟ್ಯೂಬನ್ನು ಎಸೆಯುವುದಿಲ್ಲ, ನನಗೆ ಗೊತ್ತು. ಇವತ್ತಲ್ಲದಿದ್ದರೆ ಒಂದು ದಿನ, ನಾನು ಹೋದ ಮೇಲೆ, ಒಬ್ಬಳೇ ಹೋಗಿ ಅದನ್ನು ತೆಗೆಯುತ್ತಾಳೆ. ಆಗ ನೀಲಿಯಾದರೆ ಅವಳನ್ನು ಹಿಡಿದುಕೊಳ್ಳುವವರು ಯಾರು? ಅದನ್ನು ನೆನೆದರೆ ಹೊಟ್ಟೆಯ ನೋವೂ ಮರೆಯುತ್ತಿತ್ತು.

"ನಾಳೆ ಹೋಗೋಣ," ಎಂದೆ. "ನನ್ನ ಕಣ್ಣೆದುರಿಗೇ ಮಾಡು."

ಲ್ಯಾಬಿಗೆ ಬೆಳಗ್ಗೆಯೇ ಹೋದೆವು. ಭಾನುವಾರ, ಬೇರೆ ಯಾರೂ ಇರಲಿಲ್ಲ. ಎತ್ತರದ ಸ್ಟೂಲು, ಬಿಳಿಯ ಮೇಜು, ಸಿಂಕಿನ ಪಕ್ಕ ತೊಳೆದು ಮಗುಚಿ ಹಾಕಿದ ಗಾಜಿನ ಬಾಟಲಿಗಳು. ಫ್ರೀಜರಿನ ಬಾಗಿಲು ತೆಗೆದಾಗ ಮಂಜಿನ ಹೊಗೆ ನೆಲಕ್ಕಿಳಿಯಿತು. ಗುಮ್ಮಿ ದಪ್ಪ ಗ್ಲೌಸು ಹಾಕಿಕೊಂಡು ಒಳಗೆ ತಡಕಾಡಿ ಬೆರಳಿನ ಅರ್ಧದಷ್ಟಿದ್ದ ಟ್ಯೂಬೊಂದನ್ನು ತಂದು ಐಸಿನ ಮೇಲೆ ನಿಲ್ಲಿಸಿದಳು. ಉಳಿದ ಟ್ಯೂಬುಗಳ ಮೇಲೆಲ್ಲ ನಂಬರುಗಳಿದ್ದವು. ಇದರ ಮೇಲೆ ಅವಳ ಕೋಳಿ ಕಾಲಿನ ಅಕ್ಷರದಲ್ಲಿ 'ಅಕ್ಕ' ಎಂದಿತ್ತು.

ಅದು ನಿಧಾನವಾಗಿ ಕರಗಿತು. ಒಳಗೆ ತೆಳು ಹಳದಿಯ ತಿಳಿ, ನಾನು ಗಟ್ಟಿಯಿದ್ದೆನೆಂದು ಎಲ್ಲರೂ ನಂಬಿದ್ದ ಕಾಲದ್ದು. ಪ್ಲಾಸ್ಟಿಕ್ ತಟ್ಟೆಯಲ್ಲಿದ್ದ ಸಣ್ಣ ಗುಳಿಗಳಿಗೆಲ್ಲ ಚಿನ್ನದ ಕಣಗಳ ಕೆಂಪು ನೀರು ಬಿಟ್ಟು, ಮೊದಲನೆಯದಕ್ಕೆ ಆರೋಗ್ಯವಂತರ ತಿಳಿ ಹಾಕಿದಳು. ಅದು ಕೆಂಪಾಗಿಯೇ ಇತ್ತು. ಪ್ರತಿಯೊಬ್ಬರದ್ದನ್ನೂ ಮೂರು ಗುಳಿಗಳಲ್ಲಿ ಒಟ್ಟಿಗೇ ಹಾಕುವುದು ಅವರ ಪದ್ಧತಿಯಂತೆ. ಒಂದು ಸಲ ಕಂಡದ್ದು ಲೆಕ್ಕಕ್ಕಿಲ್ಲ. ಅವತ್ತು ಅವಳಿಗೆ ಒಂದಕ್ಕಿಂತ ಹೆಚ್ಚು ಹಾಕುವ ಧೈರ್ಯ ಬರಲಿಲ್ಲ. ನನ್ನ ತಿಳಿಯನ್ನು ಪಿಪೆಟ್ಟಿನಲ್ಲಿ ಎಳೆದು, ಎರಡನೆಯ ಗುಳಿಗೆ ಬಿಟ್ಟು, ಸ್ಟೂಲಿನ ಮೇಲೆ ಕುಕ್ಕರಿಸಿದಳು.

ನಮ್ಮವರು ಕಿಟಕಿಗೆ ಮುಖ ಮಾಡಿ ನಿಂತರು. ನಾನು ಆ ಗುಳಿಯನ್ನೇ ನೋಡುತ್ತಿದ್ದೆ. ಇವಳು ಪ್ರತಿ ಪರೀಕ್ಷೆಯಲ್ಲೂ ಗೆಲ್ಲಲಿ ಎಂದು ಹಾರೈಸಿ ಬೆಳೆಸಿದವಳು ನಾನು. ಈಗ ಸೋಲಲಿ ಎಂದು ಬೇಡಿಕೊಂಡೆ. ಇವಳ ವಿದ್ಯೆ ಸುಳ್ಳಾಗಲಿ, ಇಷ್ಟು ವರ್ಷದ ಕೆಲಸ ಮಣ್ಣುಪಾಲಾಗಲಿ, ನನ್ನ ಗುಮ್ಮಿಗೆ ರಾತ್ರಿ ನಿದ್ದೆ ಬರಲಿ.

ಕೆಂಪು ಮೊದಲು ಮಂಕಾಯಿತು. ನನ್ನ ಕಣ್ಣೇ ಮಂಜಾಗಿದೆಯೆಂದುಕೊಂಡು ಒರೆಸಿ ನೋಡಿದೆ. ನೇರಳೆಯಾಯಿತು. ಆಮೇಲೆ ನೀಲಿ.

"ಕೆಲಸ ಮಾಡ್ತು ಅಕ್ಕ," ಎಂದಳು ಗುಮ್ಮಿ. ದನಿ ಎಷ್ಟು ಸಪಾಟಾಗಿತ್ತೆಂದರೆ ಸಭೆಯಲ್ಲಿ ಮಾತಾಡುತ್ತಿರುವಂತಿತ್ತು. ಎದ್ದು ಎರಡನೆಯ ಸಲ ಹಾಕಿದಳು. ಏನೋ ಎಡವಟ್ಟಾಗಿರಬಹುದು, ಇದು ಕೆಂಪಾಗಿ ಉಳಿಯಬಹುದು ಎಂಬ ಆಸೆ ಅವಳ ಮುಖದಲ್ಲಿ ಕಾಣುತ್ತಿತ್ತು. ನನಗೂ ಇತ್ತು. ಅದೂ ನೀಲಿಯಾಯಿತು.

ಮೂರನೆಯದಕ್ಕೆ ಅವಳು ಪಿಪೆಟ್ಟನ್ನು ಮೇಜಿನ ಮೇಲಿಟ್ಟುಬಿಟ್ಟಳು. "ನನ್ನ ಕೈಲಾಗಲ್ಲ. ಸಾಕು ಬಿಡು ಅಕ್ಕ."

"ಇದಿಲ್ದೆ ಯಾರೂ ಒಪ್ಪಲ್ಲ ಅಂದ್ಯಲ್ಲ. ಎಲ್ಲಿ ಒತ್ಬೇಕು, ತೋರಿಸು."

"ಬೇಡ ಅಕ್ಕ."

"ತೋರಿಸೇ."

ಅವಳು ಪಿಪೆಟ್ಟಿಗೆ ಹೊಸ ತುದಿ ಸಿಕ್ಕಿಸಿ ನನ್ನ ಕೈಗಿಟ್ಟಳು. ನನ್ನ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟು ಟ್ಯೂಬಿನಿಂದ ತಿಳಿಯನ್ನು ಎಳೆಸಿದಳು. ಅಲ್ಲಿಂದ ಮುಂದೆ ಅವಳ ಕೈ ಬಿಡಿಸಿ ನಾನೇ ಒತ್ತಿದೆ. ಕೀಮೋದಿಂದ ಜೋಮು ಹಿಡಿದ ಬೆರಳುಗಳು, ಆದರೂ ಒಂದಿಷ್ಟೂ ಚೆಲ್ಲಲಿಲ್ಲ.

"ನಾಳೆ ಯಾರಾದ್ರೂ ಕೇಳಿದ್ರೆ, ಮೂರನೇದು ನಮ್ಮಕ್ಕ ಹಾಕಿದ್ದು ಅನ್ನು. ಕೇಳಿಸ್ತಾ?"

ಅವಳು ತಲೆಯಾಡಿಸಿದಳು. ನಾವು ಪಕ್ಕಪಕ್ಕದ ಸ್ಟೂಲುಗಳಲ್ಲಿ ಕೂತು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನೋಡಿದೆವು. ನಮ್ಮವರೂ ಬಂದು ನನ್ನ ಹಿಂದೆ ನಿಂತರು. ಅದೂ ನೀಲಿಯಾಯಿತು, ಮೊದಲೆರಡರ ಹಾಗೆಯೇ, ಒಂದಿಷ್ಟೂ ವ್ಯತ್ಯಾಸವಿಲ್ಲದೆ.

ಗುಮ್ಮಿ ಸ್ಟೂಲಿನಿಂದ ಜಾರಿ ನೆಲದ ಮೇಲೆ ಕೂತು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ಅಮ್ಮ ಹೋದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಗೆದ್ದೆ ಕಣೇ. ಎಷ್ಟು ಜನ ಬದುಕ್ತಾರೆ ನೋಡು ನಿನ್ನಿಂದ."

"ನನಗೆ ನೀನು ಬೇಕಿತ್ತು," ಎಂದಳು ತಲೆಯೆತ್ತದೆ.

ನಾನು ಅವಳ ಕೂದಲು ಬಿಡಿಸಿ, ಚಿಕ್ಕಂದಿನ ಹಾಗೆ ಜಡೆ ಹಾಕತೊಡಗಿದೆ. ನನಗೂ ಅವಳು ಬೇಕಿತ್ತು, ಇನ್ನೂ ತುಂಬ ವರ್ಷ ಬೇಕಿತ್ತು.